ಹಲಸಿನ ಬೀಜ ಮತ್ತು ಇಬ್ಬರು ನೆಂಟರು

ನಮ್ಮೂರಿಗೆ ಬರುವ ಬಸ್ಸು ಸೇತುವೆಯ ಈಚೆಗೆ ಬರುವ ಮುಂಚೆ ಒಂದು ನಿಮಿಷ ನಿಲ್ಲುತ್ತದೆ. ಅಲ್ಲಿ ಸ್ಟಾಪಿಲ್ಲ. ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಹೊಸಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ಏನಾಯಿತು ಎಂದು ನೋಡುತ್ತಾರೆ. ಆ ಒಂದು ನಿಮಿಷವನ್ನು ಶುರುಮಾಡಿದವನು ನಾನೇ. ಆಗ ನಾನು ಆ ಬಸ್ಸಿನ ಕಂಡಕ್ಟರ್ ಆಗಿದ್ದೆ. ಡ್ರೈವರ್ ಬದಲಾದರು, ಬಸ್ಸೂ ಎರಡು ಸಲ ಬದಲಾಯಿತು, ನಿಮಿಷ ಮಾತ್ರ ಹಾಗೇ ಉಳಿದಿದೆ.

ಆ ನಿಮಿಷ ವಾರಿಜಾಳಿಗಾಗಿ. ಅವಳು ಆಚೆ ಊರಿನಲ್ಲಿ ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಪ್ರತಿ ಶನಿವಾರ ಮೂರನೇ ಸೀಟಿನಲ್ಲಿ ಕೂತು, ಊರು ಹತ್ತಿರ ಬಂತು ಅನ್ನುವಾಗ ಚೀಲದಿಂದ ಒಂದು ಚಾಕಲೇಟು ತೆಗೆದು ತಿನ್ನುತ್ತಿದ್ದಳು. ಒಂದು ಶನಿವಾರ ನಮ್ಮ ಡ್ರೈವರ್ ಜೋರಾಗಿ ಹೊಡೆದ. ಸೇತುವೆ ಬಂದಾಗ ಅವಳ ಬಾಯಲ್ಲಿ ಇನ್ನೂ ಅರ್ಧ ಚೂರಿತ್ತು. ಅದು ಅಲ್ಲೇ ಮೇಣವಾಯಿತು. ಅವಳು ಅಗಿಯುವುದನ್ನು ನಿಲ್ಲಿಸಿದಳು, ಕಣ್ಣು ತುಂಬಿ ಬಂತು, ಯಾರಿಗೂ ಕಾಣದ ಹಾಗೆ ಮುಖ ಆಚೆ ತಿರುಗಿಸಿದಳು. ಮುಂದಿನ ಶನಿವಾರ ಸೇತುವೆಗೆ ಮುಂಚೆ ಸೀಟಿ ಊದಿದೆ. "ಯಾಕ್ ನಿಲ್ಸಿದೆ?" ಎಂದ ಡ್ರೈವರ್. "ಹಿಂದಿನ ಟೈರ್ ಯಾಕೋ ಸದ್ದು ಮಾಡ್ತು" ಎಂದು ಇಳಿದು, ಒಂದು ನಿಮಿಷ ಟೈರನ್ನು ಒದ್ದು ಒದ್ದು ನೋಡಿ ಹತ್ತಿದೆ. ಹೀಗೆ ಐದು ತಿಂಗಳು ಟೈರ್ ಒದ್ದಮೇಲೆ ಅವಳು ಅರ್ಧ ಚಾಕಲೇಟು ಮುರಿದು ನನಗೆ ಕೊಟ್ಟಳು. ಮದುವೆಯಾದೆವು. ನಾನು ಕೆಲಸ ಬಿಟ್ಟು ಪೆಟ್ಟಿಗೆ ಹೊತ್ತು ಅವಳ ಊರಿಗೇ ಬಂದೆ.

ಈ ಊರಿನ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ಅಂಗಡಿಯಲ್ಲಿ ಕೊಂಡ ಅಡುಗೆ ಸಾಮಾನು ಸೇತುವೆಯ ಈಚೆ ಕೆಲಸ ಮಾಡುವುದಿಲ್ಲ. ಸೋಡಾ ಉಬ್ಬಿಸುವುದಿಲ್ಲ, ಸಕ್ಕರೆ ಸಿಹಿಯಾಗುವುದಿಲ್ಲ, ವೆನಿಲಾ ಎಸೆನ್ಸು ಬರೀ ನೀರು, ಚಾಕಲೇಟು ಬರೀ ಮೇಣ. "ಸಪ್ಪೆ ಬಿತ್ತು" ಎಂದು ಹೇಳಿ ಇವರು ಅದನ್ನು ಬಿಸಾಡುತ್ತಾರೆ, ಬೇಜಾರೂ ಮಾಡಿಕೊಳ್ಳುವುದಿಲ್ಲ. ಯಾಕೆಂದರೆ ಒಂದೊಂದಕ್ಕೂ ಇವರಲ್ಲಿ ಕೈಯಾರೆ ಮಾಡಿದ ಬದಲಿಯಿದೆ, ಒಂದೊಂದು ಬದಲಿಗೂ ಒಂದು ಮನೆಯಿದೆ. ಸೋಡಾಕ್ಕೆ ಬಾಳೆಸಿಪ್ಪೆ ಒಣಗಿಸಿ ಸುಟ್ಟು ಬಸಿದ ಬೂದಿನೀರು. ಅದು ನಮ್ಮ ಅತ್ತೆಯ ಮನೆಯದು. ಬೂದಿನೀರಿಗೆ ಹುಳಿಮಜ್ಜಿಗೆ ಸೇರಿಸಿ ಹಿಟ್ಟಿಗೆ ಹುಯ್ದರೆ ಕೇಕು ಮೊಣಕೈ ಊರಿಕೊಂಡು ಏಳುವವರ ಹಾಗೆ ನಿಧಾನವಾಗಿ ಎದ್ದು ಕೂರುತ್ತದೆ. ವಿನಿಗರ್‌ಗೆ ಎಳನೀರು ಹುಳಿಸುವ ಮನೆ ಬೇರೆ. ಕಾರ್ನ್‌ಫ್ಲೋರಿಗೆ ಕೂವೆಗಡ್ಡೆ ಅರೆದು ಸೋಸುವ ಮನೆ, ಯೀಸ್ಟಿಗೆ ಹೆಂಡದ ಮಡ್ಡಿ ಇಡುವ ಮನೆ, ಎಸೆನ್ಸಿಗೆ ಕೇದಗೆ ಬಟ್ಟಿಯಿಳಿಸುವ ಮನೆ. ಬೇಕಾದವರು ಬಟ್ಟಲು ಹಿಡಿದು ಹೋಗುತ್ತಾರೆ, ತುಂಬಿಸಿಕೊಂಡು ಬರುತ್ತಾರೆ.

ಹೊರಗಿನಿಂದ ಬಂದು ಇಲ್ಲಿ ನೆಲೆ ನಿಲ್ಲುವವರು ಊರಿಗೆ ಒಂದು ಹೊಸ ಬದಲಿ ಕೊಡಬೇಕು. ವರ್ಷಕ್ಕೊಮ್ಮೆ, ಕಾರಹುಣ್ಣಿಮೆಯ ದಿನ, ಶಾಲೆಯ ಅಂಗಳದಲ್ಲಿ ಅದರ ರುಚಿ ನೋಡುತ್ತಾರೆ. ಕೊಡುವ ತನಕ ಬಂದವರು ನೆಂಟರು. ನೆಂಟರಿಗೆ ಇಲ್ಲಿ ಎಷ್ಟು ಮರ್ಯಾದೆ ಎಂದರೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ. ಒಂದು ಕೆಲಸ ಹೇಳುವುದಿಲ್ಲ. ಮೊದಲ ಕಾಫಿ ಅವರಿಗೆ, ಮೊದಲ ಎಲೆ ಅವರಿಗೆ. ತಪ್ಪು ಮಾಡಿದರೂ ಯಾರೂ ಒಂದು ಮಾತು ಆಡುವುದಿಲ್ಲ. ನಮ್ಮತ್ತೆ ದೇವೀರಮ್ಮ ಮಗಳನ್ನು ಬೆಳಗಿನಿಂದ ರಾತ್ರಿಯವರೆಗೆ ಬೈಯುತ್ತಿದ್ದರು, ಹಾಲು ಹಾಕುವವನನ್ನು ಬೈಯುತ್ತಿದ್ದರು, ಬೆಕ್ಕನ್ನು ಬೈಯುತ್ತಿದ್ದರು. ನನ್ನ ಕಡೆ ತಿರುಗಿದ ಕೂಡಲೇ ದನಿ ಬೆಣ್ಣೆಯಾಗುತ್ತಿತ್ತು. "ನೆಂಟ್ರೇ, ನೀವ್ ಯಾಕ್ ಎದ್ದ್ರಿ, ಕೂತ್ಕಳಿ. ಇನ್ನೊಂದು ಕಡುಬು ಹಾಕುಸ್ಕಳಿ." ಮೊದಲ ತಿಂಗಳು ನನಗೆ ಇದು ಸ್ವರ್ಗ ಎನ್ನಿಸಿತು. ಮೂರನೇ ತಿಂಗಳಿಗೆ ಬೆಕ್ಕನ್ನು ಕಂಡರೆ ಹೊಟ್ಟೆಕಿಚ್ಚಾಗತೊಡಗಿತು.

ಎದುರು ಮನೆಯ ಜಗಲಿಯಲ್ಲಿ ಹೊನ್ನಪ್ಪಣ್ಣ ಕೂರುತ್ತಿದ್ದರು. ಅವರೂ ನನ್ನ ಹಾಗೆ ಮನೆಅಳಿಯ. ಈ ಊರಿಗೆ ಬಂದು ಮೂವತ್ತೊಂದು ವರ್ಷ, ಇನ್ನೂ ನೆಂಟರು. ಮೊದಲ ವರ್ಷ ಏನೋ ತಂದಿದ್ದರಂತೆ, ಅದು ಊರಲ್ಲಿ ಆಗಲೇ ಇತ್ತಂತೆ. ಮತ್ತೆ ತರಬಾರದು ಅಂತೇನಿಲ್ಲ. ಆದರೆ ವರ್ಷವಿಡೀ ಕೂತು ತಿಂದವನಿಗೆ ಏಳುವ ಅಭ್ಯಾಸವೇ ತಪ್ಪಿಹೋಗುತ್ತದೆ. ದಿನಾ ಬೆಳಿಗ್ಗೆ ಬೀದಿಯಲ್ಲಿ ಹೋಗುವವರು, "ನೆಂಟ್ರೇ, ಯಾವಾಗ್ ಬಂದ್ರಿ?" ಎಂದು ಕೇಳುತ್ತಿದ್ದರು. ಗೇಲಿಯಲ್ಲ, ಅದು ಇಲ್ಲಿಯ ಮರ್ಯಾದೆ. ಹೊನ್ನಪ್ಪಣ್ಣನೂ ನಗುತ್ತಾ, "ಈಗ್ ಬಂದೆ ಕಣಪ್ಪ" ಅನ್ನುತ್ತಿದ್ದರು. ಅವರ ಹೆಂಡತಿ ಮುದ್ದಮ್ಮ ಬಾವಿಯಿಂದ ಎರಡೆರಡು ಕೊಡ ಹೊತ್ತು ಅವರ ಮುಂದೆಯೇ ಹೋಗುತ್ತಿದ್ದರು. ಆಗ ಮಾತ್ರ ಅವರು ಬೀದಿಯ ಇನ್ನೊಂದು ತುದಿಯ ಕಡೆ ನೋಡುತ್ತಿದ್ದರು. ಅದನ್ನು ನೋಡಿದಾಗೆಲ್ಲ ನನಗೆ ಭಯವಾಗುತ್ತಿತ್ತು, ಇದು ನನ್ನದೇ ಮೂವತ್ತೊಂದನೇ ವರ್ಷ ಎಂದು.

ಹಾಗಾಗಿ ನಾನು ತಲೆ ಓಡಿಸತೊಡಗಿದೆ. ರುಚಿ ನೋಡಿ ತೀರ್ಪು ಹೇಳುವವರು ಸಾಕಮ್ಮ. ಎಂಬತ್ತು ದಾಟಿದ ಮುದುಕಿ, ಊರಿನವರು ಅವರನ್ನು 'ಊರ ನಾಲಿಗೆ' ಎಂದೇ ಕರೆಯುವುದು. ಅವರ ಬಳಿ ಹೋಗಿ ಗುಟ್ಟು ಹೇಳುವವನ ಹಾಗೆ, "ಮೊಸರಿಗೆ ಹೆಪ್ಪಿಲ್ಲದಿದ್ರೆ ಹಸಿಮೆಣಸಿನಕಾಯಿ ತೊಟ್ಟು ಹಾಕಿದ್ರೂ ಮೊಸರಾಗುತ್ತೆ" ಎಂದೆ. ಅವರು ಬೊಚ್ಚುಬಾಯಿ ತೆಗೆದು ನಕ್ಕರು. "ಅದು ತೊಟ್ಲು ಮಗೀಗೂ ಗೊತ್ತು ನೆಂಟ್ರೇ. ಒಂದ್ ಲೋಟ ಪಾನಕ ಕುಡೀರಿ." ಮುಂದಿನ ವಾರ ಕಾಫಿಪುಡಿಗೆ ಹುಣಸೆಬೀಜ ಎಂದೆ. ಅದು ಗಾಣದವರ ಮನೆಯದಂತೆ. ಕೆಂಪು ಬಣ್ಣಕ್ಕೆ ದಾಸವಾಳ ಎಂದೆ. ಅದು ಸಾಕಮ್ಮನ ಅತ್ತೆಯದೇ. ಒಂಬತ್ತು ಸಲ ಹೋದೆ, ಒಂಬತ್ತು ಲೋಟ ಪಾನಕ ಕುಡಿದು ಇಂಗು ತಿಂದ ಮಂಗನ ಹಾಗೆ ವಾಪಸು ಬಂದೆ.

ಹೀಗಿರುವಾಗ ಹಲಸಿನ ಕಾಲ ಬಂತು. ಕಾರಹುಣ್ಣಿಮೆಗೆ ಇಪ್ಪತ್ತನಾಲ್ಕು ದಿನ ಉಳಿದಿತ್ತು. ಒಂದು ಮಧ್ಯಾಹ್ನ ಹೊನ್ನಪ್ಪಣ್ಣನ ಜಗಲಿಯಲ್ಲಿ ಕೂತಿದ್ದಾಗ ಅವರ ಬೆನ್ನ ಹಿಂದೆ ಒಂದು ಬುಟ್ಟಿ ಕಂಡಿತು. ಅವರು ಹಣ್ಣು ತಿಂದು ಬೀಜವನ್ನು ಅದರಲ್ಲಿ ಹಾಕಿ, ನೊಣ ಬಾರದಿರಲಿ ಎಂದು ಮೇಲೆ ಬಾಳೆಎಲೆ ಮುಚ್ಚುತ್ತಿದ್ದರು. ನೆಂಟರು ಕಸ ಎತ್ತುವ ಹಾಗಿಲ್ಲ, ಮುದ್ದಮ್ಮನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಹತ್ತು ದಿನದಿಂದ ಅಲ್ಲೇ ಕೊಳೆಯುತ್ತಿತ್ತು. "ತೆಗ್ದು ಬಿಸಾಕ್ಲಾ ಅಣ್ಣ?" ಎಂದೆ. "ನಾವಿಬ್ರೂ ನೆಂಟ್ರೇ ತಾನೇ, ಯಾರ್ ಕೇಳ್ತಾರೆ, ತಗಂಡೋಗು" ಎಂದರು. ಹುಳಿ ವಾಸನೆಯ, ಜಾರುವ ಬೀಜಗಳು. ತೊಳೆದು ಎರಡು ದಿನ ಒಣಹಾಕಿದೆ, ಹುರಿದು ತಿನ್ನೋಣ ಎಂದು. ಅಡುಗೆ ಒಲೆ ನನಗೆ ನಿಷಿದ್ಧ. ಆದರೆ ಬಚ್ಚಲಿನ ನೀರೊಲೆ ಯಾರದೂ ಅಲ್ಲ, ಸ್ನಾನಕ್ಕೆ ಕೂತವನದು. ಅದರ ಬೂದಿಯಲ್ಲಿ ಬೀಜ ಹೂತು, ಹಂಡೆಗೆ ಒರಗಿ ಕಣ್ಣು ಮುಚ್ಚಿದೆ.

ಎಚ್ಚರವಾದದ್ದು ವಾಸನೆಗೆ. ಎಲ್ಲಿಯೋ ಮೂಸಿದ್ದ ವಾಸನೆ, ಬಸ್ಸಿನ ಮೂರನೇ ಸೀಟಿನ ವಾಸನೆ. ನಾನು ಏಳುವುದರೊಳಗೆ ವಾರಿಜಾ ಹಿತ್ತಲಿನಿಂದ ಓಡಿಬಂದಳು, ಕೈಯಲ್ಲಿ ಒಗೆಯುವ ಬಟ್ಟೆ ಇನ್ನೂ ತೊಟ್ಟಿಕ್ಕುತ್ತಿತ್ತು. "ಇದು... ಇದೆಲ್ಲಿಂದ ಬಂತು?" ಎಂದಳು. ಬೂದಿಯಿಂದ ಒಂದು ಬೀಜ ಕೆದಕಿ, ಸಿಪ್ಪೆ ಬಿಡಿಸಿ, ಕಲ್ಲಿನಿಂದ ಜಜ್ಜಿ ಅವಳ ಅಂಗೈಗೆ ಹಾಕಿದೆ. ಕಂದು ಪುಡಿ. ಅವಳು ಅದನ್ನು ನಾಲಿಗೆಗೆ ಮುಟ್ಟಿಸಿ ಕಣ್ಣು ಮುಚ್ಚಿದಳು. ಸೇತುವೆಯ ಈಚೆ ಅವಳ ಮುಖದಲ್ಲಿ ಆ ನಗು ನಾನು ನೋಡಿದ್ದು ಅದೇ ಮೊದಲು. "ಕಹಿ ಇದೆ, ಬೆಲ್ಲ ಹಾಕಿದ್ರೆ ಚಾಕಲೇಟೇ, ಪಕ್ಕಾ ಅದೇ. ಹೇಗೆ ಮಾಡಿದ್ರಿ?" ಎಂದಳು. ಬೀಜ ಹೊನ್ನಪ್ಪಣ್ಣನ ಬುಟ್ಟಿಯದು ಎಂದು ಆಗಲೇ ಹೇಳಬೇಕಿತ್ತು. ನಾನು ಮೀಸೆ ತಿರುವಿ, "ನಮ್ಮ ಕೈಗುಣ" ಎಂದೆ.

ಕೈಗುಣದ ಬಂಡವಾಳ ವಾರದಲ್ಲಿ ಬಯಲಾಯಿತು. ನಮ್ಮನೆಯ ಹಣ್ಣಿನ ಬೀಜ ತೆಗೆದು ಆಗಲೇ ಹುರಿದೆ. ಹುರಿದ ಹಲಸಿನ ಬೀಜದ ವಾಸನೆ ಬಂತು ಅಷ್ಟೇ. ಸಣ್ಣ ಉರಿ ಮಾಡಿದೆ, ದೊಡ್ಡ ಉರಿ ಮಾಡಿದೆ, ಹೊಂಗೆ ಸೌದೆ ಹಾಕಿದೆ, ತೆಂಗಿನ ಚಿಪ್ಪು ಹಾಕಿದೆ. ಏನೂ ಇಲ್ಲ. ಎಂಟನೇ ದಿನ ಬಚ್ಚಲಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಎದುರು ಮನೆಯ ಜಗಲಿ ಕಂಡಿತು. ಹೊನ್ನಪ್ಪಣ್ಣ ಹಣ್ಣು ತಿಂದು ಬೀಜವನ್ನು ಬುಟ್ಟಿಗೆ ಹಾಕಿ, ಎಲೆ ಮುಚ್ಚಿ, ಆರಾಮವಾಗಿ ಒರಗಿಕೊಂಡರು. ಗುಟ್ಟು ನನ್ನ ಕೈಯಲ್ಲಿರಲಿಲ್ಲ, ಅವರ ಬುಟ್ಟಿಯಲ್ಲಿತ್ತು. ಹಣ್ಣಿನ ರಸ ಮೆತ್ತಿದ ಬೀಜ ಬಾಳೆಎಲೆಯ ಕೆಳಗೆ ಹತ್ತು ದಿನ ಹುಳಿಯಬೇಕಿತ್ತು.

ನಾನು ಹೋಗಿ ಆ ಬುಟ್ಟಿ ಕೇಳಿದೆ. "ಈಗ್ಲೇ ಬ್ಯಾಡ ಅಣ್ಣ, ಹಂಗೇ ಇರ್ಲಿ, ಹುಣ್ಣಿಮೆಗೆ ನಾಕು ದಿನ ಮುಂಚೆ ಬಂದು ತಗಂಡೋಗ್ತೀನಿ" ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ತಮ್ಮ ಕಸವನ್ನು ಎತ್ತುವುದಕ್ಕೂ ಒಬ್ಬ ಇದ್ದಾನಲ್ಲ ಎಂದು ಅವರಿಗೆ ಖುಷಿ. ನನಗಾಗಿ ದಿನಾ ಇನ್ನೆರಡು ತೊಳೆ ಜಾಸ್ತಿ ತಿಂದು ಬೀಜ ಕೂಡಿಟ್ಟರು. ಆ ಹತ್ತು ದಿನವೂ ನಾನು ಅವರ ಪಕ್ಕದಲ್ಲಿ ಕೂತು ಹರಟಿದೆ, ಒಂದು ದಿನವೂ ನಿಜ ಹೇಳಲಿಲ್ಲ. ಹೇಳಿದರೆ ಬದಲಿ ಅವರದಾಗುತ್ತದೆ ಎಂಬ ಹೆದರಿಕೆ. ಒಂದು ಬದಲಿಗೆ ಒಂದೇ ಹೆಸರು ಎಂಬುದು ಇಲ್ಲಿಯ ಪದ್ಧತಿ.

ಈ ಸಲ ಬೀಜ ಜಾಸ್ತಿ, ಬೂದಿಯಲ್ಲಿ ಹೂತರೆ ಸಾಲದು. ಒಂದು ಬಾಣಲೆ ಬೇಕಿತ್ತು. ನಮ್ಮತ್ತೆಯ ಅಡುಗೆಮನೆಯಲ್ಲಿ ಅವರ ತವರಿನಿಂದ ಬಂದ ಕಬ್ಬಿಣದ ಬಾಣಲೆಯೊಂದಿತ್ತು, ದಪ್ಪ ತಳದ್ದು. ಹೊಸ್ತಿಲು ದಾಟುವ ಹಾಗಿಲ್ಲದ ನನಗೆ ವಾರಿಜಾ ಅದನ್ನು ಕಿಟಕಿಯಿಂದ ದಾಟಿಸಿದಳು. "ಅವ್ವ ಸಂತೆಗೆ ಹೋಗಿದ್ದಾಳೆ, ಬರೋದ್ರೊಳಗೆ ತೊಳೆದು ಕೊಟ್ಟುಬಿಡಿ" ಎಂದಳು. ಒಂದು ಗಂಟೆ ಕೈಬಿಡದೆ ಹುರಿದೆ. ಬೀಜ ಹದವಾಗಿ ಬಂತು, ಇಡೀ ಬೀದಿಗೆ ವಾಸನೆ ಹಬ್ಬಿತು. ಬೀಜ ಇಳಿಸಿದ ಸಂಭ್ರಮದಲ್ಲಿ ಬಾಣಲೆಯನ್ನು ಒಲೆಯ ಮೇಲೇ ಮರೆತೆ. ನೆನಪಾಗಿ ಬಂದಾಗ ತಳದಲ್ಲಿ ಉಳಿದ ಚೂರುಗಳು ಸೀದು ಕರಿ ಹಪ್ಪಳವಾಗಿ ಅಂಟಿಕೊಂಡಿದ್ದವು. ಎಷ್ಟು ಕೆರೆದರೂ ಬರಲಿಲ್ಲ. ಅತ್ತೆ ಬರುವ ಸದ್ದಾಯಿತು. ಬಾಣಲೆಯನ್ನು ಹಂಡೆಯ ಹಿಂದೆ ತಳ್ಳಿದೆ.

ಹುಣ್ಣಿಮೆಯ ಬೆಳಿಗ್ಗೆ ವಾರಿಜಾ ಕೇಕು ಮಾಡಿದಳು. ಪಂಚೆಯಲ್ಲಿ ಜರಡಿ ಹಿಡಿದ ಗೋಧಿಹಿಟ್ಟು, ಬೆಲ್ಲದ ಪುಡಿ, ಬೆಣ್ಣೆ, ಅತ್ತೆಯ ಬೂದಿನೀರು, ಮಜ್ಜಿಗೆ, ನನ್ನ ಕಂದು ಪುಡಿ. ಮರಳು ಕಾಯಿಸಿದ ಪಾತ್ರೆಯಲ್ಲಿಟ್ಟು ಬೇಯಿಸಿದಳು. ಶಾಲೆಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಮುಂದೆ ನೆಂಟರಿಗೆಂದು ಎರಡು ಕುರ್ಚಿ, ಒಂದರಲ್ಲಿ ನಾನು, ಇನ್ನೊಂದರಲ್ಲಿ ಹೊನ್ನಪ್ಪಣ್ಣ. ಮಿಕ್ಕವರೆಲ್ಲ ಚಾಪೆಯ ಮೇಲೆ. ಸಾಕಮ್ಮ ಚೂರು ಬಾಯಿಗಿಟ್ಟು ಬಹಳ ಹೊತ್ತು ಹೊರಳಿಸಿದರು. "ಇದು ನಮ್ಮಲ್ಲಿ ಇರ್ಲಿಲ್ಲ" ಎಂದರು ಕೊನೆಗೆ. ಜನ ಹೋ ಎಂದಿತು. ವಾರಿಜಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಪದ್ಧತಿಯಂತೆ ಮೊದಲ ತುಂಡುಗಳು ನೆಂಟರಿಗೆ ಬಂದವು. ಹೊನ್ನಪ್ಪಣ್ಣ ತಿಂದರು. ಬೆರಳಿಗೆ ಅಂಟಿದ ಪುಡಿಯನ್ನೂ ಬಿಡದೆ ತಿಂದರು. ಆಮೇಲೆ ನನ್ನ ತೊಡೆ ತಟ್ಟಿ ಮೆಲ್ಲಗೆ, "ನೀನು ಗೆದ್ದೆ ಕಣಪ್ಪ. ನಾಳೆಯಿಂದ ಈ ಕುರ್ಚೀಲಿ ನಾನೊಬ್ನೇ. ಇರ್ಲಿ, ಒಳ್ಳೇದಾಗ್ಲಿ. ನಿನ್ ಹೆಂಡ್ತಿಗೆ ನೀರಾದ್ರೂ ಸೇದ್ಕೊಡು" ಎಂದರು. ಅವರು ನಗುತ್ತಲೇ ಹೇಳಿದ್ದು. ಆದರೆ ಕಣ್ಣು ಚಾಪೆಯ ಮೇಲೆ ಕೂತಿದ್ದ ಮುದ್ದಮ್ಮನ ಕಡೆಗಿತ್ತು. ನಾಚಿಕೆಯಾಯಿತು, ನಿಜವಾಗಿ ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆ.

"ಬದ್ಲಿ ಯಾರ್ದು, ಹೆಸ್ರು ಹೇಳಿ" ಎಂದರು ಸಾಕಮ್ಮ. ನಾನು ಎದ್ದು ನಿಂತೆ. "ನಂದಲ್ಲ, ಹೊನ್ನಪ್ಪಣ್ಣಂದು" ಎಂದೆ. ಬುಟ್ಟಿಯಿಂದ ಹಿಡಿದು ಎಲ್ಲ ಹೇಳಿದೆ. "ನಾನು ಹುರಿದೆ ಅಷ್ಟೇ. ಹುಳಿಸಿದ್ದು ಅವ್ರು. ಅವ್ರಿಗೆ ಗೊತ್ತಿಲ್ಲ. ನಾನೇ ಮುಚ್ಚಿಟ್ಟೆ." ಹೊನ್ನಪ್ಪಣ್ಣ ಕಣ್ಣುಬಾಯಿ ಬಿಟ್ಟು ನೋಡಿದರು. "ಅಯ್ಯೋ, ಅದು ಕಸ ಕಣಪ್ಪ" ಎಂದರು. ಸಾಕಮ್ಮ ಇನ್ನೊಂದು ಚೂರು ತಿಂದು ಯೋಚಿಸಿದರು. "ಹುರಿಯೋದು ಈ ಊರಲ್ಲಿ ಎಲ್ಲಾರ್ಗೂ ಬತ್ತದೆ. ಹಲಸಿನ ಬೀಜ ಹುಳ್ಸೋದು ಯಾರ್ಗೂ ಗೊತ್ತಿರ್ಲಿಲ್ಲ. ಬದ್ಲಿ ಹೊನ್ನಪ್ಪಂದು" ಎಂದುಬಿಟ್ಟರು.

ಮೊದಲು ಎದ್ದದ್ದು ಮುದ್ದಮ್ಮ. ಸೊಂಟಕ್ಕೆ ಸೆರಗು ಸಿಕ್ಕಿಸಿ ಗಂಡನ ಮುಂದೆ ನಿಂತು, ಮೂವತ್ತೊಂದು ವರ್ಷ ಒಳಗಿಟ್ಟುಕೊಂಡಿದ್ದ ದನಿ ತೆಗೆದರು. "ಇನ್ನೂ ಏನ್ ಕೂತಿದ್ದೀರಿ ರಾಜ್ರಂಗೆ? ಏಳಿ ಮ್ಯಾಕೆ! ಆ ಪಾತ್ರೆ ಯಾರ್ ಹೊರ್ತಾರೆ, ನಿಮ್ಮಪ್ಪನಾ?" ಹೊನ್ನಪ್ಪಣ್ಣ ಮಂಡಿ ಹಿಡಿದುಕೊಂಡು ಎದ್ದರು. ದೊಡ್ಡ ಪಾತ್ರೆಯನ್ನು ಎದೆಗೆ ಅವಚಿಕೊಂಡು, ಕಣ್ಣೀರು ಒರೆಸಲು ಕೈ ಬಿಡುವಿಲ್ಲದೆ, ಶಾಲೆಯ ಹಿತ್ತಲು ಯಾವ ಕಡೆ ಎಂದು ಗೊತ್ತಿಲ್ಲದೆ ಗೇಟಿನ ಕಡೆಗೆ ಹೊರಟರು. ಜನ ನಕ್ಕು ದಾರಿ ತೋರಿಸಿದರು.

ನಾನು ಒಬ್ಬನೇ ಮತ್ತೆ ಕುರ್ಚಿಯಲ್ಲಿ ಕೂತೆ. ಬೇಜಾರಾಗಲಿಲ್ಲ ಎಂದರೆ ಸುಳ್ಳು. ವಾರಿಜಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಇನ್ನೊಂದು ವರ್ಷ ಕಡುಬು, ಇನ್ನೊಂದು ವರ್ಷ "ಯಾವಾಗ್ ಬಂದ್ರಿ". ಅಷ್ಟರಲ್ಲಿ ಜನರ ಮಧ್ಯದಿಂದ ನಮ್ಮತ್ತೆ ಎದ್ದು ಬಂದರು.

"ಏ ನಿಂಗರಾಜು!" ಎಂದರು. ನನ್ನ ಹೆಸರು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ನನ್ ಬಾಣ್ಲೆ ಎಲ್ಲೋ? ನಮ್ಮವ್ವ ಕೊಟ್ಟಿದ್ ಬಾಣ್ಲೆ ಅದು! ಸುಟ್ಟು ಕರಕ್ಲು ಮಾಡಿ ಹಂಡೆ ಹಿಂದ್ಕೆ ಬಚ್ಚಿಟ್ಟಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ ನಿಂಗೆ? ಇವಳು ಕಿಟ್ಕೀಲಿ ಕೊಟ್ಟಿದ್ದು ನಂಗೊತ್ತಿಲ್ಲ ಅಂದ್ಕಂಡ್ಯಾ? ಒಂದ್ ತಿಂಗ್ಳಿಂದ ನೋಡ್ತಾ ಇವ್ನಿ, ಬಚ್ಲಲ್ಲಿ ಕೂತು ಇದ್ದಬದ್ದ ಸೌದೆ ಎಲ್ಲಾ ಉರಿಸ್ದೆ!"

ನೆಂಟರನ್ನು ಬೈದದ್ದನ್ನು ಈ ಊರು ಕಂಡಿರಲಿಲ್ಲ. ಎಲ್ಲರೂ ಸಾಕಮ್ಮನ ಕಡೆ ತಿರುಗಿದರು. ಯಾರೋ ಕೇಳಿಯೇಬಿಟ್ಟರು, "ಅಜ್ಜಿ, ನೆಂಟ್ರನ್ನ ಹಿಂಗ್ ಬೈಯಬೋದಾ?" ಸಾಕಮ್ಮ ಕೇಕಿನ ಮೂರನೇ ಚೂರನ್ನು ಎತ್ತಿಕೊಳ್ಳುತ್ತಾ, "ನನ್ ಕೆಲ್ಸ ನಾಲ್ಗೇದು ಕಣಪ್ಪ. ಕಿವೀದಲ್ಲ" ಎಂದರು.

"ನೋಡ್ತಾ ಏನ್ ಕೂತಿದ್ದೀಯ?" ಎಂದರು ಅತ್ತೆ. "ನಡೀ ಮನೆಗೆ. ಬೂದಿ ಹಾಕಿ ತಿಕ್ಕಿ, ಎಣ್ಣೆ ಸವರಿ, ಒಳೀಕೆ ತಂದಿಡು."

ನಾನು ನಡೆದೆ ಎನ್ನುವುದಕ್ಕಿಂತ ಓಡಿದೆ. ಬಚ್ಚಲಿನ ಮುಂದೆ ಕೂತು ತೆಂಗಿನ ನಾರು, ಬೂದಿ ಹಿಡಿದು ಮಧ್ಯಾಹ್ನವೆಲ್ಲ ತಿಕ್ಕಿದೆ. ಉಗುರು ಸವೆಯಿತು, ಬೆನ್ನು ಹಿಡಿದುಕೊಂಡಿತು. ಎದುರು ಮನೆಯಲ್ಲಿ ಹೊನ್ನಪ್ಪಣ್ಣ ಕೊಡ ತಪ್ಪಾಗಿ ಹಿಡಿದು ಅರ್ಧ ನೀರು ಚೆಲ್ಲಿ ಮುದ್ದಮ್ಮನಿಂದ ಬೈಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಕೈಯೆತ್ತಲು ಹೋಗಿ ಉಳಿದರ್ಧವನ್ನೂ ಚೆಲ್ಲಿದರು. ಬಾಣಲೆಯ ತಳ ಕಂಡಮೇಲೆ ಎಣ್ಣೆ ಸವರಿ, ಕಾಲು ತೊಳೆದುಕೊಂಡು, ಅಡುಗೆಮನೆಯ ಬಾಗಿಲಿಗೆ ಬಂದೆ. ವಾರಿಜಾ ಒಳಗೆ ಕಾಯಿ ತುರಿಯುತ್ತಿದ್ದಳು, ತಲೆ ಎತ್ತಲಿಲ್ಲ, ತುರಿಯುವ ಕೈ ಮಾತ್ರ ನಿಂತಿತು. ನಾನು ಹೊಸ್ತಿಲು ದಾಟಿದೆ. ಒಂದು ವರ್ಷ ಹೊರಗಿನಿಂದ ಊಹಿಸಿಕೊಂಡಿದ್ದಕ್ಕಿಂತ ಚಿಕ್ಕ ಕೋಣೆ. ಎರಡು ಒಲೆ, ಬೂದಿನೀರಿನ ಗಡಿಗೆಗಳು, ಮೂಲೆಯಲ್ಲಿ ಬೆಕ್ಕು.

"ಎಲ್ಲಿಡ್ಲಿ ಅತ್ತೆ?" ಎಂದೆ.

"ಕಣ್ ಕಾಣಾಕಿಲ್ವಾ? ಅಲ್ಲಿ, ಗೂಟಕ್ಕೆ."

ಗೋಡೆಯಲ್ಲಿ ಒಂದು ಗೂಟವಿತ್ತು, ಅದರ ಕೆಳಗೆ ಬಾಣಲೆ ವರ್ಷಾನುಗಟ್ಟಲೆ ತಾಕಿ ಆದ ದುಂಡಗಿನ ಕರಿ ಗುರುತಿತ್ತು. ಬಾಣಲೆಯನ್ನು ತಗುಲಿಹಾಕಿದೆ. ಅದು ಒಂದೆರಡು ಸಲ ತೂಗಿ ಗುರುತಿನ ಮೇಲೆ ಕೂತಿತು. ಅತ್ತೆ ತಿರುಗಿ ನೋಡದೆ, "ಹಂಗೇ ಆ ಕೊಡ ತಗಂಡೋಗಿ ನೀರ್ ತತ್ತಾ" ಎಂದರು.